ಒಂಬತ್ತನೆಯ ತುಂಡು

ಚಿಕ್ಕಬೋರಮ್ಮ ಸುಣ್ಣದ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, ಒಳಗೆ ಒಣಗಿ ಹಿಡಿದುಕೊಂಡಿದ್ದ ಹಳೆಯ ಸುಣ್ಣವನ್ನು ಬಿದಿರುಕಡ್ಡಿಯಿಂದ ಕೆರೆಯುತ್ತಿದ್ದಳು. ಆಗಷ್ಟೇ ಕೋಳಿ ಕೂಗಿತ್ತು. ಕೆರೆದ ಚೂರುಗಳನ್ನು ಒಲೆಯ ಬೂದಿಗೆ ಉದುರಿಸಿ, ಡಬ್ಬಿಯನ್ನು ಸೆರಗಿನ ತುದಿಯಿಂದ ಒರೆಸಿ, ಕುಡಿಕೆಯಲ್ಲಿ ನೆನೆಹಾಕಿದ್ದ ಹೊಸ ಸುಣ್ಣವನ್ನು ಬೆರಳಿನಿಂದ ತೆಗೆದು ತುಂಬಿದಳು. ಗಟ್ಟಿಯಾಯಿತೆನ್ನಿಸಿ ಎರಡು ಹನಿ ನೀರು ಬಿಟ್ಟು ಕಲಸಿದಳು. ಎದುರಿಗೆ ಗೋಡೆಗೊರಗಿ ಕುಳಿತಿದ್ದ ಅತ್ತೆ ಶಿವನಂಜಮ್ಮ ಹರಳೆಲೆಯನ್ನು ಕೆಂಡದ ಮೇಲೆ ಹಿಡಿದು ಬಾಡಿಸಿ, ಒಂದೊಂದಾಗಿ ಬಲ ಮಂಡಿಗೆ ಹೊದಿಸಿ, ಹಳೆಯ ಬಟ್ಟೆಯಿಂದ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು.

ಬೇರೆ ಸಲವಾಗಿದ್ದರೆ ಇಷ್ಟು ಹೊತ್ತಿಗೆ ಶಿವನಂಜಮ್ಮನ ಬಾಯಿ ಊರಿಗೆಲ್ಲ ಕೇಳಿಸುತ್ತಿತ್ತು. ರೊಟ್ಟಿ ಕಟ್ಟಿದೆಯಾ, ಉಪ್ಪಿನಕಾಯಿ ಮರೆತೆಯಾ, ಆ ಎಮ್ಮೆಗೆ ಹುಲ್ಲು ಹಾಕದೆ ಹೊರಟರೆ ನಿಮ್ಮಪ್ಪ ಬಂದು ಹಾಕುತ್ತಾನಾ. ಇವತ್ತು ಏನೂ ಇಲ್ಲ. ನಾಲ್ಕು ದಿನದ ಹಿಂದೆ ಜಗಲಿಯ ಮೇಲೆ ಕರಿಸಿದ್ದಯ್ಯ ಆಡಿದ ಮಾತು ಇನ್ನೂ ಮನೆಯೊಳಗೇ ಸುತ್ತುತ್ತಿದ್ದ ಹಾಗಿತ್ತು.

ಕರಿಸಿದ್ದಯ್ಯ ಶಿವನಂಜಮ್ಮನ ಮೈದುನ. ಅಣ್ಣ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವನದೇ. ಕೆಟ್ಟವನಲ್ಲ. ಅತ್ತಿಗೆಯ ಮುಂದೆ ಇವತ್ತಿಗೂ ಬೀಡಿ ಸೇದಿದವನಲ್ಲ.

"ಅತ್ಗೆ, ಇದು ಕೊನೇ ತುಂಡು. ಅರಕೆ ಮುಗೀಲಿ, ಬ್ಯಾಡ ಅನ್ನಕ್ಕಿಲ್ಲ. ಅವತ್ತು ನಾನೇ ಮುಂಚಿತ್ವಾಗಿ ಮುತ್ತತ್ತಿಗೋಗಿ ಅಡುಗೆ ಮಾಡುಸ್ತೀನಿ, ನಾಕ್ ಜನುಕ್ಕೆ ಊಟ ಆಕುಸ್ತೀನಿ. ಅದಾದ್ ಮ್ಯಾಲೆ ಉಗಾದಿಗಂಟ ಕಾಯಾನ, ಅಷ್ಟೆ. ಅಷ್ಟ್ರೊಳಗೆ ಅಂಕ ಬರ್ನಿಲ್ಲ ಅಂದ್ರೆ ಅವ್ನ ಎಸ್ರಲ್ಲಿ ತಿಥಿ ಮಾಡ್ಬುಡಾನ. ಯುದ್ಧ ಮುಗುದು ಒಂದೂವರೆ ವರ್ಸ ಆಯ್ತು. ಸೆರೆ ಸಿಕ್ಕಿದ್ದೋರೆಲ್ಲಾ ಬಂದವ್ರೆ. ತಿಥಿ ಇಲ್ದೆ ಆ ಜೀವ ಎಲ್ಲೆಲ್ಲಿ ಅಲೀತಾ ಅದೋ." ಆಮೇಲೆ ಧ್ವನಿ ತಗ್ಗಿಸಿ ಹೇಳಿದ್ದ: "ಈ ಎಣ್ಮಗೀದೂ ಒಂದು ದಾರಿ ಆಗ್ಬೇಕಲ್ಲ. ಅವರಣ್ಣಂಗೆ ಯೋಳ್ ಕಳ್ಸೀನಿ. ನಿಡಘಟ್ಟದಿಂದ ಬಂದು ಕರ್ಕಂಡೋಯ್ತಾನೆ."

ಬಾಗಿಲ ಹಿಂದೆ ರಾಗಿ ಕೇರುತ್ತಿದ್ದ ಬೋರಮ್ಮನ ಕೈಯಲ್ಲಿ ಮೊರ ನಿಂತಿತ್ತು.

ತಿಥಿಯೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಬಳೆ ಹೋಗುತ್ತದೆ, ಕುಂಕುಮ ಹೋಗುತ್ತದೆ. ಹೋದರೆ ಹೋಗಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಹೋಗಬಾರದ್ದು ಈ ಮನೆ. ನಿಡಘಟ್ಟದಲ್ಲಿ ತಾಯಿಯಿಲ್ಲ. ಅಣ್ಣ ಹೆಂಡತಿಯ ಮುಂದೆ ತಲೆ ಎತ್ತುವವನಲ್ಲ. ಬೆಂಗಳೂರು ಮೈಸೂರು ರಸ್ತೆಗೆ ಮುಖ ಮಾಡಿದ ಆ ಮನೆಯಲ್ಲಿ ಗಂಡ ಸತ್ತವಳು ಮುಂಬಾಗಿಲಲ್ಲಿ ನಿಲ್ಲುವ ಹಾಗಿಲ್ಲ. ಹಿತ್ತಲಿನಲ್ಲಿ ಸಗಣಿ ಬಾಚಿಕೊಂಡು, ಅತ್ತಿಗೆ ಹಾಕಿದ್ದನ್ನು ತಿಂದುಕೊಂಡು ಇರಬೇಕು. ಇಲ್ಲಿಯಾದರೆ ಬೈಗುಳ ತಿಂದರೂ ಅದು ಅವಳಿಗೆಂದೇ ಬೈದ ಬೈಗುಳ.

ಹೊರಗೆ ಎತ್ತಿನ ಕೊರಳ ಗಂಟೆ ಕೇಳಿಸಿತು. ಗೌಸ್ ಪೀರ್ ಗಾಡಿ ತಂದಿದ್ದ.

ಹರಕೆ ಹೊತ್ತು ನಾಲ್ಕು ವರ್ಷವಾಗಿತ್ತು. ಶಿವನಂಜಮ್ಮನ ಒಬ್ಬನೇ ಮಗ ಅಂಕಯ್ಯ ಶಿವನಸಮುದ್ರದ ಕರೆಂಟು ಮನೆಯಲ್ಲಿ ಕೂಲಿಗಿದ್ದವನು. ಮದುವೆಯಾದ ಎಂಟು ತಿಂಗಳಿಗೆ ಯಾರದೋ ಜೊತೆಯಲ್ಲಿ ಮಂಡ್ಯಕ್ಕೆ ಹೋಗಿ ಪಟಾಲಮ್ಮಿಗೆ ಹೆಸರು ಬರೆಸಿ ಬಂದ. ಹಡಗು ಹತ್ತಿ ಸಿಂಗಪುರಕ್ಕೆ ಹೋದ. ಅಲ್ಲಿಂದ ಎರಡು ಕಾಗದ ಬಂದವು. ಆ ಊರು ಜಪಾನಿನವರ ಕೈಸೇರಿತೆಂದು ಸುದ್ದಿಯಾಯಿತು; ಕಾಗದ ನಿಂತಿತು. ಎಷ್ಟೋ ತಿಂಗಳ ಮೇಲೆ ಒಂದು ಅಚ್ಚಿನ ಹಾಳೆ ಬಂತು. ಊರಿನ ಮೇಷ್ಟ್ರು ಅದನ್ನು ಎರಡು ಸಲ ಓದಿಕೊಂಡು, ಮಡಿಸಿ, "ಪತ್ತೆ ಇಲ್ಲ ಅಂತ ಬರೆದಿದ್ದಾರೆ" ಎಂದರು.

"ಸತ್ತವ್ನೆ ಅಂತ ಬರ್ದವ್ರಾ?"

"ಇಲ್ಲ ಕಣಮ್ಮ. ಪತ್ತೆ ಇಲ್ಲ ಅಂತ."

"ಅಂಗಾರೆ ಪತ್ತೆ ಮಾಡುಸ್ಬೇಕು" ಎಂದು ಶಿವನಂಜಮ್ಮ ಎದ್ದು ಬಂದಿದ್ದಳು.

ಪತ್ತೆ ಮಾಡಿಕೊಡುವವನು ಯಾರೆಂಬ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಸೀತಮ್ಮ ಹೊಳೆಯಲ್ಲಿ ಮೀಯುವಾಗ ಮೂಗಿನ ಮುತ್ತು ನೀರಿಗೆ ಬಿದ್ದಾಗ, ಬಾಲ ಇಳಿಬಿಟ್ಟು ಹೊಳೆಯನ್ನೆಲ್ಲ ಕಲಕಿ ಎತ್ತಿಕೊಟ್ಟವನು ಮುತ್ತತ್ತಿಯ ಆಂಜನೇಯ. ನೀರಿನಲ್ಲಿ ಕಳೆದದ್ದನ್ನು ಹುಡುಕುವವನು ಅವನೇ. "ಈ ಒಳೆ ನೀರು ಓಗಿ ಸೇರೋದು ಸಮುದ್ರುಕ್ಕೆ ತಾನೆ. ನನ್ ಮಗ ಇರೋದು ಸಮುದ್ರುದ್ ಆಚೆ. ಒಳೆ ಇಡ್ಕಂಡೇ ನಡ್ದೋಗಿ ಅವ್ನ ಮುಂದ್ ನಿಂತ್ಕತೀನಿ" ಎಂದಳು. ತಮ್ಮೂರು ಸಿದ್ದನಕೊಪ್ಪಲಿನ ಸ್ನಾನಘಟ್ಟದಿಂದ ಮುತ್ತತ್ತಿಯವರೆಗೆ ಗಾಡಿದಾರಿ ಮುಟ್ಟದೆ, ನೀರು ಕಣ್ಣಿಗೆ ಮರೆಯಾಗದ ಹಾಗೆ, ದಡದ ಮೇಲೆಯೇ ನಡೆಯುವುದು. ಐದು ಹರಿದಾರಿ ಬಂಡೆ, ಮುಳ್ಳು, ಕಾಡು.

ಒಂದೇ ಸಲಕ್ಕೆ ಆಗುವ ಮಾತಲ್ಲ. ಹಟ್ಟಿಯಲ್ಲಿ ಎಮ್ಮೆಗಳಿವೆ, ಹೊಲದಲ್ಲಿ ರಾಗಿಯಿದೆ. ಅದಕ್ಕೂ ಶಿವನಂಜಮ್ಮನೇ ದಾರಿ ಮಾಡಿಕೊಂಡಳು. "ನೂಲುವಾಗ ಎಳೆ ಕಡುದ್ರೆ ಗಂಟಾಕಂಡು ನೂಲಕ್ಕಿಲ್ವಾ. ಅಂಗೇಯ." ಕೊಯ್ಲು ಮುಗಿದ ಮೇಲೆ, ಹೊಳೆ ತಗ್ಗಿದಾಗ, ಒಂದು ದಿನಕ್ಕೆ ಒಂದು ತುಂಡು. ನಿಂತ ಕಡೆ ಅರಿಶಿನ ಹಚ್ಚಿದ ಒಂದು ಗುಂಡುಕಲ್ಲನ್ನು ಇಟ್ಟು ಬರುವುದು. ಮುಂದಿನ ಸಲ ಅದೇ ಕಲ್ಲಿನ ಪಕ್ಕ ಬಲಗಾಲಿಟ್ಟು, ಕಲ್ಲನ್ನು ಎತ್ತಿಕೊಂಡು ಹೊರಡುವುದು. ಹೆಜ್ಜೆಗೆ ಹೆಜ್ಜೆ ಸೇರಬೇಕು, ನಡುವೆ ಗೇಣು ಜಾಗ ಬಿಡಬಾರದು. ಕಲ್ಲೇ ಗಂಟು.

ಜೊತೆಗೆ ಸೊಸೆ. ಮೊದಲ ವರ್ಷ ಕರೆದುಕೊಂಡು ಹೋಗಿದ್ದು ಪ್ರೀತಿಯಿಂದಲ್ಲ. "ನಿನ್ ಕಾಲ್ಗುಣವೇ ಅವ್ನ ಓಡ್ಸಿದ್ದು. ಆ ಕಾಲೂ ಒಸಿ ಸವೀಲಿ, ನಡಿ" ಎಂದಿದ್ದಳು. ಬೋರಮ್ಮ ತಲೆ ತಗ್ಗಿಸಿ ಮುಂದೆ ನಡೆದಿದ್ದಳು. ಹಾವುಹುಪ್ಪಟೆ ಸರಿಯಲೆಂದು ಕೋಲಿನಿಂದ ತರಗೆಲೆ ಬಡಿಯುತ್ತ ಮುಂದೆ ಹೋಗುವುದು ಅವಳ ಕೆಲಸ. ಹಿಂದೆ ಅತ್ತೆಯ ಹೆಜ್ಜೆ, ಬೈಗುಳ, ಏದುಸಿರು. ಮೇಲೆ ಗಾಡಿದಾರಿಯಲ್ಲಿ ಗೌಸ್ ಪೀರನ ಗಂಟೆಯ ಸದ್ದು. ಕಾಡಂಚಿನಿಂದ ಬಿದಿರು, ಹುಣಸೆಹಣ್ಣು ಹೇರಿಕೊಂಡು ಮಳವಳ್ಳಿಗೆ ಹಾಕುವ ಆಸಾಮಿ ಅವನು. ಹೋಗುವಾಗ ಗಾಡಿ ಖಾಲಿಯೇ ಹೋಗುತ್ತದಲ್ಲ ಎಂದು ಇವರನ್ನು ಇಳಿಸಿ, ಸಂಜೆಗೆ ಹತ್ತಿಸಿಕೊಂಡು ಬರುತ್ತಿದ್ದ.

ಮೂರನೆಯ ತುಂಡಿನ ಹೊತ್ತಿಗೆ ಬೈಗುಳ ಹೋಗಿ ಮಾತು ಉಳಿಯಿತು. ಶಿವನಂಜಮ್ಮ ಮಗನ ಚಿಕ್ಕಂದಿನ ಕಥೆಗಳನ್ನು ಹೇಳುತ್ತ ನಡೆಯುತ್ತಿದ್ದಳು. ಬೋರಮ್ಮ ಕೇಳುತ್ತಿದ್ದಳು. ಅಂಕಯ್ಯನ ಮುಖ ಅವಳಿಗೆ ಆಗಲೇ ಮಸುಕಾಗುತ್ತಿತ್ತು. ಹುಬ್ಬಿನ ಮೇಲಿನ ಗಾಯದ ಗುರುತು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಒಂದು ದಿನ ಯೋಚಿಸಿ, ಗೊತ್ತಾಗದೆ, ಯಾರನ್ನೂ ಕೇಳಲಾರದೆ ಸುಮ್ಮನಾಗಿದ್ದಳು. ಎರಡನೆಯ ಕಾಗದದಲ್ಲಿ ಅವಳಿಗೆಂದು ಒಂದು ಸಾಲಿತ್ತು. ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದರೂ ಆ ಸಾಲನ್ನು ಅವಳು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿಕೊಂಡಿದ್ದಳು: ಕರಿ ಎಮ್ಮೆ ಹೆಣ್ಣುಗರು ಹಾಕಿದರೆ ಮಾರಬೇಡ ಎಂದು ಬೋರಿಗೆ ಹೇಳುವುದು. ಎಮ್ಮೆ ಹೆಣ್ಣುಗರುವನ್ನೇ ಹಾಕಿತು. ಮಾರಲಿಲ್ಲ. ಆ ಕರುವೇ ಬೆಳೆದು ಈಗ ಹಾಲು ಕೊಡುತ್ತಿದೆ.

ಕಲ್ಲನ್ನು ಅವಳು ಮೊದಲ ಸಲ ಹಿಂದಕ್ಕೆ ಇಟ್ಟದ್ದು ಬೇಕೆಂದಲ್ಲ. ಶಿವನಂಜಮ್ಮನಿಗೆ ಮಂಡಿ ಬಾಗದು. ಹಾಗಾಗಿ ಕಲ್ಲಿಡುವುದು, ಎತ್ತುವುದು ಸೊಸೆಯ ಪಾಲಿಗೆ ಬಂದಿತ್ತು. ನಾಲ್ಕನೆಯ ತುಂಡಿನಲ್ಲಿ ಅತ್ತೆ ತೋರಿಸಿದ ಬಂಡೆ ತೀರ ನೀರಿನ ಅಂಚಿನಲ್ಲಿತ್ತು. ಮಳೆಗಾಲದಲ್ಲಿ ಕೊಚ್ಚಿಹೋದೀತೆಂದು ಐವತ್ತು ಹೆಜ್ಜೆ ಹಿಂದಿದ್ದ ಹೊಂಗೆಯ ಬುಡಕ್ಕೆ ತಂದಿಟ್ಟಳು. ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅತ್ತೆ ದಿಬ್ಬ ಹತ್ತಿ ಗಾಡಿ ಸೇರಿದ್ದಳು. ಮುಂದಿನ ಸಲ ಶಿವನಂಜಮ್ಮ ಹೊಂಗೆಯ ಬುಡದಲ್ಲಿ ಬಲಗಾಲಿಟ್ಟು ಕೈಮುಗಿದು ಹೊರಟೇಬಿಟ್ಟಳು. ನಡೆದದ್ದೇ ನಡೆದಾಯಿತು. ಏನೂ ಆಗಲಿಲ್ಲ.

ಆವತ್ತು ಹಿಂದಿರುಗುವಾಗ ಗಾಡಿಯಲ್ಲಿ ಕುಳಿತು ಬೋರಮ್ಮ ಲೆಕ್ಕ ಹಾಕಿದಳು. ಉಳಿದಿರುವುದು ಇಷ್ಟು. ಅದು ಮುಗಿದ ದಿನ ಏನು? ಹರಕೆ ನಡೆಯುತ್ತಿರುವವರೆಗೆ ಊರಿನವರು ಏನೂ ಕೇಳುವುದಿಲ್ಲ. ಗಂಡ ಇದ್ದಾನೋ ಇಲ್ಲವೋ ಎಂಬ ಮಾತೆತ್ತುವುದಿಲ್ಲ. ಅತ್ತೆಯೇ ಒಮ್ಮೆ ಬಂಡೆಯ ಮೇಲೆ ಕಾಲು ಚಾಚಿ ಕುಳಿತು ಹೇಳಿದ್ದಳು: "ನಾವು ನಡೀತಾ ಇದ್ರೆ ಅವ್ನೂ ಅಲ್ಲೆಲ್ಲೋ ನಡೀತಾ ಅವ್ನೆ ಅನ್ಸ್ತದೆ ಕಣಮ್ಮಿ."

ಆಮೇಲಿನ ತುಂಡುಗಳಲ್ಲಿ ಬೋರಮ್ಮ ಬೇಕೆಂದೇ ಇಟ್ಟಳು. ಒಂದು ಸಲ ಒಂದು ಕೂಗಳತೆ, ಇನ್ನೊಂದು ಸಲ ಎರಡು. ಪಾತ್ರೆ ತೊಳೆದು ಬರುತ್ತೇನೆಂದು ಹೊಳೆಗೆ ಇಳಿದು, ಮಡಿಲಲ್ಲಿ ಕಲ್ಲಿಟ್ಟುಕೊಂಡು, ಬಂದ ದಾರಿಯಲ್ಲಿ ಓಡುತ್ತಿದ್ದಳು. ಮಧ್ಯೆ ಒಂದು ವರ್ಷ ಇಬ್ಬರಿಗೂ ಚಳಿಜ್ವರ ಬಂದು ಹೋಗಲೇ ಆಗಲಿಲ್ಲ. ಹಾಗೆ ನಾಲ್ಕು ವರ್ಷಕ್ಕೆ ಎಂಟು ತುಂಡಾಗಿತ್ತು.

ಎಂಟನೆಯದು ಹೋದ ತಿಂಗಳು, ಮಾಘದಲ್ಲಿ. ಅವತ್ತೇ ಮುತ್ತತ್ತಿ ಸೇರಿಬಿಡಬೇಕಿತ್ತು. ಇನ್ನೇನು ಕೊನೆಯ ತಿರುವು ಎನ್ನುವಾಗ ಶಿವನಂಜಮ್ಮ ಮಂಡಿ ಊದಿಕೊಂಡು ಕುಳಿತುಬಿಟ್ಟಳು. ಗೌಸ್ ಪೀರ್ ಒಂದು ಮೈಲಿ ಹಿಂದೆ ಎತ್ತು ಮೇಯಿಸುತ್ತಿದ್ದ. ಕರೆತರುತ್ತೇನೆಂದು ಬೋರಮ್ಮ ಓಡಿದಳು. ಕಲ್ಲು ಮಡಿಲಲ್ಲೇ ಇತ್ತು. ಆ ಒಂದು ಮೈಲಿಯ ಹಿಂದೆ, ಸೀಳಿದ ಬಂಡೆಯ ಬಿರುಕಿನಲ್ಲಿ ಅದನ್ನಿಟ್ಟು ಎದ್ದಾಗ ಗೌಸ್ ಪೀರ್ ಹತ್ತು ಮಾರು ದೂರದಲ್ಲಿ ನಿಂತಿದ್ದ. ನೋಡಿದ್ದ. ಹೊಳೆಯ ಕಡೆ ತಿರುಗಿ ಬೀಡಿ ಹಚ್ಚಿಕೊಂಡ.

ಇವತ್ತು ಗಾಡಿ ಅದೇ ಸೀಳುಬಂಡೆಯ ಮೇಲಿನ ದಾರಿಯಲ್ಲಿ ನಿಂತಾಗ ಬಿಸಿಲು ಏರಿತ್ತು. ಗೌಸ್ ಪೀರ್ ಶಿವನಂಜಮ್ಮನ ಕೈಹಿಡಿದು ಇಳಿಸಿದ.

"ನಂಜಕ್ಕ, ನಿನ್ ಅರಕೆ ಮುಗಿಯೋ ಒತ್ಗೆ ನನ್ ಎತ್ಗೊಳ್ಗೆ ಮೊಮ್ಮಕ್ಳಾಯ್ತವೆ ಅಂತಿದ್ದೆ. ಮುಗುದೇ ಓಯ್ತಲ್ಲ."

"ಎತ್ಗೆಲ್ಲಿಂದ ಬಂದಾವ್ಲಾ ಮೊಮ್ಮಕ್ಳು. ನಿನ್ನ ಎತ್ತೋಳು ನಿನ್ಗೆ ಅಷ್ಟೂ ಯೋಳ್ಕೊಡ್ನಿಲ್ವಾ."

"ಅವ್ಳು ಯೋಳ್ಕೊಡೋ ಒತ್ಗೆ ನಾನು ಎತ್ ಇಡ್ಕಂಡು ಓಡೋಗಿದ್ದೆ ಕಣಕ್ಕ." ನಗುತ್ತಲೇ ಅವನ ಕಣ್ಣು ಒಂದು ಸಲ ಬೋರಮ್ಮನ ಕಡೆ ಹೋಗಿ ಬಂತು. "ನಿದಾನುಕ್ಕೆ ನಡೀರಿ. ಮ್ಯಾಗಡೆ ದಾರೀಲಿ ಜೊತೇಲೇ ಬತ್ತಿರ್ತೀನಿ. ಕೂಗುದ್ರೆ ಕೇಳ್ತದೆ."

ಕೆಳಗೆ ಹೊಳೆ ತಗ್ಗಿ ಬಂಡೆಗಳ ಬೆನ್ನು ಕಾಣುತ್ತಿತ್ತು. ಆಚೆ ದಡ ಕೊಳ್ಳೇಗಾಲದ ಸೀಮೆ, ಮದರಾಸಿನವರದು. ಅಲ್ಲೊಬ್ಬ ಹರಿಗೋಲನ್ನು ಬೋರಲು ಹಾಕಿ ಅದರ ನೆರಳಿನಲ್ಲಿ ಮಲಗಿದ್ದ. ಬೋರಮ್ಮ ಬಂಡೆಯ ಬಿರುಕಿಗೆ ಕೈಹಾಕಿದಳು. ಕಲ್ಲು ಅಲ್ಲೇ ಇತ್ತು. ಅರಿಶಿನ ಮಾತ್ರ ಮಾಸಿತ್ತು.

"ಇಲ್ಲೇ ಏನಮ್ಮಿ ಮಡುಗಿದ್ದು?"

"ಊಂ ಅತ್ತೆ."

"ಸರಿ ಬುಡು."

ಶಿವನಂಜಮ್ಮ ಬಂಡೆಯ ಪಕ್ಕ ಬಲಗಾಲನ್ನು ಊರಿದಳು. ನೀರಿಗೆ ಕೈಮುಗಿದಳು. ಬೋರಮ್ಮ ಕಲ್ಲನ್ನು ಮಡಿಲಿಗೆ ಹಾಕಿಕೊಂಡು ಕೋಲು ಹಿಡಿದು ಮುಂದಾದಳು.

ಅತ್ತೆಯ ನಡಿಗೆ ಇವತ್ತು ನೋಡುವ ಹಾಗಿರಲಿಲ್ಲ. ಎಡಗಾಲು ಮುಂದಿಟ್ಟು, ಬಲಗಾಲನ್ನು ಎಳೆದುಕೊಂಡು ಅದರ ಪಕ್ಕಕ್ಕೆ ತರುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ನಿಂತು, ಮಂಡಿಗೆ ಕಟ್ಟಿದ್ದ ಬಟ್ಟೆಯನ್ನು ಒತ್ತಿಕೊಳ್ಳುತ್ತಿದ್ದಳು. ಬೋರಮ್ಮ ಮುಂದೆ ತರಗೆಲೆ ಬಡಿಯುತ್ತಿದ್ದರೂ ಕಿವಿಯೆಲ್ಲ ಹಿಂದಕ್ಕೇ ಇತ್ತು. ಎಳೆದ ಕಾಲಿನ ಸದ್ದು. ನಿಲ್ಲುವುದು. ಮತ್ತೆ ಎಳೆದ ಕಾಲಿನ ಸದ್ದು.

"ಕರಿಸಿದ್ದ ಏನೇನ್ ಮಾಡುಸ್ತಾವ್ನಂತೆ?"

"ಪಾಯ್ಸ, ಅನ್ನ, ಅವ್ರೆಕಾಳ್ ಸಾರು."

"ಅವ್ರೆಕಾಳ್ ಎಲ್ ಸಿಕ್ತಂತೆ ಈಗ. ಸೊಗಡೇ ಇರಕ್ಕಿಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: "ಅಂಕಂಗೆ ಇತ್ಕಿದ ಬೇಳೆ ಇದ್ರೆ ಬ್ಯಾರೆ ಏನೂ ಬ್ಯಾಡ. ಒಂದ್ಸಲ ಒಬ್ನೇ ಒಂದ್ ಗಡಿಗೆ ಉಂಡು, ಎಲ್ಡ್ ದಿನ ಚೊಂಬು ಇಡ್ಕಂಡು ಒಲುಕ್ ಓಡುದ್ದ."

ಬೋರಮ್ಮ ನಕ್ಕಳು. ಈ ಕಥೆಯನ್ನು ಐದನೆಯ ತುಂಡಿನಲ್ಲೂ ಕೇಳಿದ್ದಳು, ಏಳನೆಯದರಲ್ಲೂ ಕೇಳಿದ್ದಳು.

ಅರ್ಧ ದಾರಿಯಾದ ಮೇಲೆ ನೀರಿನ ಪಕ್ಕಕ್ಕೆ ಒಂದು ಹಳೆಯ ಮತ್ತಿ ಮರ ಬಂತು. ಅದರ ಒಂದು ಬೇರು ನೆಲದಿಂದ ಎದ್ದು ಜಗಲಿಯ ಹಾಗೆ ಹರಡಿಕೊಂಡಿತ್ತು. ಬೋರಮ್ಮ ಅದನ್ನು ದಾಟಿ ಎರಡು ಹೆಜ್ಜೆ ಹೋದವಳು, ಅತ್ತೆ ಎಷ್ಟು ಹಿಂದಿದ್ದಾಳೆಂದು ತಿರುಗಿ ನೋಡಿದಳು.

ಮರದ ಹೊಳೆಯ ಕಡೆಯ ಮಗ್ಗುಲಲ್ಲಿ, ಕೂತವರ ಭುಜದೆತ್ತರಕ್ಕೆ, ಬಿಳಿಯ ಮೂರು ಗೀರಿದ್ದವು.

ಅವಳಿಗೆ ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ಹಕ್ಕಿ ಹಿಕ್ಕೆಯೆಂದುಕೊಂಡಳು. ಆಮೇಲೆ ತಿಳಿಯಿತು, ಸುಣ್ಣ. ಎಲೆಗೆ ಸುಣ್ಣ ಸವರಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಶಿವನಂಜಮ್ಮ ಕೂತಲ್ಲಿಯೇ, ಕೈಗೆ ಸಿಕ್ಕಿದ್ದಕ್ಕೆ ಒರೆಸುವವಳು. ಮನೆಯ ಕಂಬ, ಬಾಗಿಲ ಚೌಕಟ್ಟು, ಗೌಸ್ ಪೀರನ ಗಾಡಿಯ ಗೂಟ, ಎಲ್ಲ ಕಡೆಯೂ ಅವಳ ಬೆರಳಿದೆ. ದೀಪಾವಳಿಗೆ ಕಂಬ ತೊಳೆಯುವಾಗ ಬೋರಮ್ಮ ಎಷ್ಟು ಸಲ ಉಜ್ಜಿ ಕಳೆದಿಲ್ಲ. ಮಾಘದಲ್ಲಿ ಇಲ್ಲಿ ಕೂತು ರೊಟ್ಟಿ ತಿಂದು ಎಲೆ ಹಾಕಿದ್ದರು. ಆಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಕಲ್ಲನ್ನು ಒಂದು ಮೈಲಿ ಹಿಂದಕ್ಕೆ ಹೊತ್ತವಳಿಗೆ ಈ ಮೂರು ಗೀರು ನೆನಪಿಗೇ ಬಂದಿರಲಿಲ್ಲ.

ಶಿವನಂಜಮ್ಮ ಹತ್ತಿರ ಬಂದಳು. ಬೋರಮ್ಮ ಬೇಗನೆ ಹೋಗಿ ಗೀರುಗಳಿಗೆ ಬೆನ್ನು ಕೊಟ್ಟು ನಿಂತಳು.

"ಇಲ್ ಬ್ಯಾಡ ಅತ್ತೆ. ಕೆಂಜುಗ ಅವೆ. ಒಸಿ ಮುಂದ್ಕೋಗಿ ಕೂರಾನ."

"ಕೆಂಜುಗ ನನ್ ಕಚ್ಚಿ ಏನ್ ಸಿಕ್ಕಾತು. ಸರ್ಕೋ."

ಸರಿಯಲೇಬೇಕಾಯಿತು. ಶಿವನಂಜಮ್ಮ ಒಂದು ಕೈಯನ್ನು ಮರಕ್ಕೆ ಕೊಟ್ಟು, ಇನ್ನೊಂದು ಕೈಯನ್ನು ಸೊಸೆಯ ಹೆಗಲಿಗೆ ಕೊಟ್ಟು, ಬೇರಿನ ಮೇಲೆ ಇಳಿದು ಕುಳಿತಳು. ಕಾಲು ಚಾಚಿದಳು. ಸೊಂಟದಿಂದ ಎಲೆಯಡಿಕೆ ಚೀಲ ತೆಗೆದಳು. ಬೋರಮ್ಮ ಹೊಳೆಯ ಕಡೆ ನೋಡುತ್ತ ನಿಂತಳು. ನೋಡದಿದ್ದರೂ ಎಲ್ಲ ಕಾಣುತ್ತಿತ್ತು: ಎಲೆಯನ್ನು ತೊಡೆಯ ಮೇಲೆ ಒರೆಸುವುದು, ನಾರು ತೆಗೆಯುವುದು, ಬೆಳಿಗ್ಗೆ ತಾನೇ ತುಂಬಿಕೊಟ್ಟ ಡಬ್ಬಿಯ ಮುಚ್ಚಳ ತೆರೆಯುವುದು. ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡ ಮೇಲೆ ಶಿವನಂಜಮ್ಮನ ಬಲಗೈ ಪಕ್ಕಕ್ಕೆ ಹೋಯಿತು. ಹೋದದ್ದು ಗಾಳಿಯಲ್ಲಿ ಸ್ವಲ್ಪ ತಡೆಯಿತು. ಆಮೇಲೆ ಆ ಮೂರು ಗೀರಿನ ಕೆಳಗೆ, ಅದೇ ಸಾಲಿನಲ್ಲಿ, ನಾಲ್ಕನೆಯದನ್ನು ನಿಧಾನವಾಗಿ ಎಳೆಯಿತು.



"ಈ ಮರುದ್ ನೆಳ್ಳು ಚೆನ್ನಾಗದೆ" ಎಂದಳು ಶಿವನಂಜಮ್ಮ. ಎಲೆಯ ರಸವನ್ನು ಪಕ್ಕಕ್ಕೆ ಉಗಿದು ಹೇಳಿದಳು: "ಮಾಗ್ದಲ್ಲೂ ಚೆನ್ನಾಗಿತ್ತು."

ಐದನೆಯ ತುಂಡು, ಆರನೆಯದು, ಏಳನೆಯದು ಒಟ್ಟಿಗೇ ಬೋರಮ್ಮನ ಕಣ್ಣಮುಂದೆ ಬಂದವು. ಅತ್ತೆ ಕೂತೆದ್ದ ಬಂಡೆಗಳು, ಮರಗಳು. ಪ್ರತಿಯೊಂದರ ಮೇಲೂ ಬೆರಳು ಇದ್ದೇ ಇರುತ್ತಿತ್ತು. ತಾನು ಕೋಲು ಬಡಿಯುತ್ತ, ನೆಲ ನೋಡುತ್ತ ಮುಂದೆ ಹೋಗುವವಳು. ಕೂತೆದ್ದು ಹಿಂದೆ ಬರುವವಳು ಅತ್ತೆ. ಎಷ್ಟು ಸಲ ತನ್ನ ಬೆರಳಿನ ಗುರುತನ್ನು ತಾನೇ ನೋಡಿದ್ದಾಳೋ. ಒಂದು ಸಲವೂ ಕೇಳಿರಲಿಲ್ಲ. ನಡೆದ ಕಡೆಯನ್ನೇ ಮತ್ತೆ ನಡೆದಿದ್ದಳು, ಆ ಮಂಡಿಯಲ್ಲಿ.

"ಅತ್ತೆ, ನಾನು..."

"ಎಲೆ ಒಳಿಕ್ ಮಡುಗು. ಗಾಳಿಗೆ ಒಣುಗ್ತದೆ."

ಬೋರಮ್ಮ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟಳು. ಒಂದೆಲೆ ಜಾರಿ ಕೆಳಗೆ ಬಿತ್ತು. ಶಿವನಂಜಮ್ಮ ಅದನ್ನು ಕೋಲಿನ ತುದಿಯಿಂದ ಹತ್ತಿರಕ್ಕೆ ಎಳೆದುಕೊಂಡು, ಊದಿ, ತಾನೇ ಒಳಗಿಟ್ಟಳು.

"ನಂಜಕ್ಕಾ" ಎಂದು ಮೇಲಿನಿಂದ ಗೌಸ್ ಪೀರ್ ಕೂಗಿದ. "ಇದೀರಾ?"

"ಇಲ್ದೆ ಎಲ್ಗೋಗಾನ. ಇದೀವಿ ಕಣ್ಲಾ."

ಅಲ್ಲಿಂದಾಚೆಗೆ ಬೋರಮ್ಮ ಮುಂದೆ ನಡೆಯಲಿಲ್ಲ. ಅತ್ತೆಯ ಬಲಗಡೆಗೆ ಬಂದು, ಅವಳ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಡೆದಳು. ಶಿವನಂಜಮ್ಮ ಬೇಡವೆನ್ನಲಿಲ್ಲ. ಹೆಗಲ ಮೇಲೆ ಬಿದ್ದ ಭಾರದಿಂದ ಮಂಡಿ ಎಷ್ಟು ಹೋಗಿದೆಯೆಂದು ಗೊತ್ತಾಗುತ್ತಿತ್ತು.

ಬಿಸಿಲು ನೆತ್ತಿಗೆ ಬರುವಾಗ ತಿರುವು ಬಂತು. ಹೊಳೆ ಅಲ್ಲಿ ಬಲಕ್ಕೆ ಹೊರಳಿ ಮರಗಳ ಹಿಂದೆ ಮರೆಯಾಗುತ್ತಿತ್ತು. ದಡದಲ್ಲಿ ಚಪ್ಪಟೆಯಾದ ಒಂದು ಬಂಡೆ. ಮಾಘದಲ್ಲಿ ಶಿವನಂಜಮ್ಮ ಕುಸಿದು ಕುಳಿತದ್ದು ಇದೇ ಬಂಡೆಯ ಮೇಲೆ. ಮರಗಳ ಮೇಲೆ ಹೊಗೆಯೇಳುತ್ತಿತ್ತು, ಕರಿಸಿದ್ದಯ್ಯನ ಒಲೆಯದಿರಬೇಕು. ಯಾರೋ ಭಕ್ತರು ಗುಡಿಯ ಗಂಟೆ ಬಾರಿಸಿದ್ದು ನೀರಿನ ಮೇಲೆ ಹಾದು ಬಂತು. ಒಂದು ಸಲ. ಮತ್ತೊಂದು ಸಲ.

ಶಿವನಂಜಮ್ಮ ಅದೇ ಬಂಡೆಯ ಮೇಲೆ ಕುಳಿತಳು.

ಬೋರಮ್ಮ ಅವಳ ಪಕ್ಕ ಕೂರದೆ ಎದುರಿಗೆ ನಿಂತಳು. ಮಡಿಲಿನಿಂದ ಕಲ್ಲನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ಮೈಯ ಬಿಸಿಗೆ ಕಲ್ಲೂ ಬೆಚ್ಚಗಾಗಿತ್ತು. ಅಷ್ಟು ದೂರದಿಂದ ಕೂಡಿಸಿಕೊಂಡು ಬಂದ ಮಾತು ಈಗ ಹೊರಗೆ ಬಂತು.

"ಅತ್ತೆ, ಎದ್ದೇಳಿ. ಇನ್ನೊಂದ್ ಕೂಗಳತೆ ಅಷ್ಟೆ. ಮುಗುಸ್ಬುಡಾನ. ಇನ್ ಮ್ಯಾಕೆ ನಿಮ್ ಕೈಲಾಗಕ್ಕಿಲ್ಲ. ನನ್ನಿಂದ್ಲೇ ನೀವು ಒಂದ್ ದಾರೀನ ಎಲ್ಡೆಲ್ಡ್ ಸಲ ನಡುದ್ರಿ. ಸಾಕು."

"ಆಮ್ಯಾಕೆ?"

"ಆಮ್ಯಾಕೆ ಏನು. ಚಿಕ್ಮಾವ ಯೋಳುದ್ ಅಂಗೇಯ. ನಮ್ಮಣ್ಣ ಬತ್ತಾನೆ."

"ನಿಮ್ಮಣ್ಣನ್ ಎಡ್ತಿ ನಿನ್ಗೆ ಒಟ್ಟೆ ತುಂಬ ಇಕ್ತಾಳಾ?"

ಬೋರಮ್ಮ ಕಲ್ಲನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಇಕ್ಕುದ್ರೂ ಇಕ್ದಿದ್ರೂ ನಿಮ್ ಮಂಡಿ ಉಳೀತದೆ" ಎಂದಳು. ಅತ್ತೆಯ ಮುಂದೆ ಕೈ ಚಾಚಿದಳು. "ಎದ್ದೇಳಿ ಅತ್ತೆ."

ತಿರುವಿನ ಆಚೆಯಿಂದ ಗಂಡಸಿನ ಧ್ವನಿ ಬಂತು. "ಅತ್ಗೇ. ಬಂದ್ರಾ?" ಕರಿಸಿದ್ದಯ್ಯ. ಹೊಗೆಯ ಜೊತೆಗೆ ಬೆಲ್ಲದ ವಾಸನೆಯೂ ಬರುತ್ತಿತ್ತು.

ಶಿವನಂಜಮ್ಮ ಆ ಕಡೆ ತಿರುಗಲಿಲ್ಲ. ಮಂಡಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು. ಹರಳೆಲೆಗಳು ಬೆವರಿಗೆ ಕಪ್ಪಾಗಿ ಚರ್ಮಕ್ಕೆ ಅಂಟಿದ್ದವು. ಒಂದೊಂದನ್ನೇ ಬಿಡಿಸಿ ನೀರಿಗೆ ಹಾಕಿದಳು. ಅವು ಬಂಡೆಯ ಅಂಚನ್ನು ಸುತ್ತಿ, ನಿಂತು, ಮತ್ತೆ ಹೊರಟು, ಗುಡಿಯ ಕಡೆಗೆ ತೇಲಿಹೋದವು. ಕೊನೆಯ ಎಲೆ ಮರೆಯಾಗುವವರೆಗೂ ನೋಡಿದಳು. ಆಮೇಲೆ ಸೊಸೆಯ ಕೈಯಲ್ಲಿದ್ದ ಕಲ್ಲನ್ನು ನೋಡಿದಳು.

"ಅಮ್ಮಿ" ಎಂದಳು. "ಅದ ಒಸಿ ಇಂದುಕ್ಕೆ ಮಡುಗ್ಬುಟ್ ಬಾ."